ಅನ್ಯರ ಘಳಿಗೆ

ಮಾನವನಿಗೆ ದೊರೆತ ಸಂಪತ್ತುಗಳಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾದುದು ದಿನವೊಂದೇ. ಹೊನ್ನು ಒಬ್ಬನಲ್ಲಿ ಹೆಚ್ಚು, ಮತ್ತೊಬ್ಬನಲ್ಲಿ ಕಡಿಮೆ. ಹೊಲ ಒಬ್ಬನಿಗುಂಟು, ಮತ್ತೊಬ್ಬನಿಗಿಲ್ಲ. ಆದರೆ ದಿನಕ್ಕೆ ೬೦ ಘಳಿಗೆಯೆಂಬ ಲೆಕ್ಕವು ಅರಸನಿಗೂ ಆಳಿಗೂ ಒಂದೇ. ೨೪ ನಿಮಿಷಗಳ ಆ ಒಂದು ಘಳಿಗೆಯನ್ನು ನಮ್ಮ ಹಿರಿಯರು ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವವರೆಗಿನ ಹೊತ್ತಿನಿಂದ ಅಳೆದರು. ಬಳಿಕ ಗೋಡೆಗೆ ಗಡಿಯಾರ ಬಂದಿತು, ಕೈಗೆ ಗಡಿಯಾರ ಬಂದಿತು. ಇಂದು ಅಂಗೈಯಲ್ಲಿರುವ ಮೊಬೈಲ್ ಫೋನು ಹೊತ್ತನ್ನು ಅಳೆಯುವುದಷ್ಟೇ ಅಲ್ಲ, ಆ ಹೊತ್ತಿನಲ್ಲಿ ನಾವು ಎಲ್ಲಿರಬೇಕು, ಯಾರೊಡನೆ ಮಾತನಾಡಬೇಕು, ಯಾವ ಪತ್ರಕ್ಕೆ ಉತ್ತರ ಬರೆಯಬೇಕೆಂಬುದನ್ನೂ ಹೇಳುತ್ತಿದೆ. ಅಳೆಯುವ ಸಾಧನವೇ ಆಜ್ಞೆ ಮಾಡುವ ಯಜಮಾನನಾದಾಗ ಗೃಹಸ್ಥನು ಒಮ್ಮೆ ನಿಂತು ವಿಚಾರ ಮಾಡುವುದು ಅವಶ್ಯ.

ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಎರಡು ದಿನ ಉಳಿಯುವ ಸಂದರ್ಭ ನನಗೊದಗಿತು. ಮನೆಯ ಯಜಮಾನರು ಗದಗಿನ ಕಡೆಯವರು; ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿಗಳು; ವಿನಯಶೀಲರು, ದುಡಿಮೆಗಾರರು. ಮಾತಿನ ನಡುವೆ ತಮ್ಮ ವಾರದ ಕ್ಯಾಲೆಂಡರನ್ನು ನನಗೆ ತೋರಿಸಿದರು. ಬೆಳಗಿನಿಂದ ರಾತ್ರಿಯವರೆಗೆ ಬಣ್ಣಬಣ್ಣದ ಚೌಕಗಳು ಒಂದರ ಮಗ್ಗುಲಿಗೊಂದು ಕೂಡಿಕೊಂಡು ಬರಿದಾದ ಜಾಗವೇ ಕಾಣುತ್ತಿರಲಿಲ್ಲ. ಅವುಗಳ ನಡುವೆ ರವಿವಾರ ಸಂಜೆಯ ಅರ್ಧ ಗಂಟೆಯ ಚೌಕವೊಂದರಲ್ಲಿ ‘ಅವ್ವ’ ಎಂದಷ್ಟೇ ಬರೆದಿತ್ತು. ಊರಿನಲ್ಲಿ ಒಬ್ಬರೇ ಇರುವ ತಾಯಿಯವರಿಗೆ ಫೋನ್ ಮಾಡುವುದನ್ನು ಮರೆಯಬಾರದೆಂದು ಹಾಗೆ ಗುರುತು ಹಾಕಿರುವುದಾಗಿ ಅವರು ಸಂಕೋಚದಿಂದ ಹೇಳಿದರು. ಅಡುಗೆಮನೆಯಲ್ಲಿದ್ದ ಅವರ ಪತ್ನಿ ಅಲ್ಲಿಂದಲೇ, “ಬರದಿಟ್ಟೀರಿ ಖರೆ, ಮೂರು ವಾರ ಆತು, ಅದನ್ನ ಮುಂದ ದೂಡಕೋತ ಬಂದೀರಲ್ಲ!” ಎಂದರು. ಯಜಮಾನರು ಮಾತನಾಡಲಿಲ್ಲ. ನನಗೂ ಮಾತು ತೋಚಲಿಲ್ಲ. ಆದರೆ ಅಂದಿನಿಂದ ಆ ಚೌಕವು ನನ್ನ ಮನಸ್ಸಿನಲ್ಲಿ ಉಳಿದಿದೆ.

ಹೆತ್ತ ತಾಯಿಯ ಹೆಸರನ್ನು ಕಚೇರಿಯ ಸಭೆಗಳ ನಡುವೆ ಬರೆದಿಡುವುದು ಪ್ರೀತಿಯ ಕೊರತೆಯ ಲಕ್ಷಣವೆಂದು ಕೆಲವರು ಹೇಳಬಹುದು. ಆ ಮಾತನ್ನು ನಾನು ಒಪ್ಪಲಾರೆ. ಪೂಜೆಗೆ ಹೊತ್ತನ್ನು ಗೊತ್ತುಮಾಡಿಕೊಂಡವನಲ್ಲಿ ಭಕ್ತಿ ಕಡಿಮೆಯೆಂದು ಯಾರೂ ಹೇಳುವುದಿಲ್ಲ. ಬರೆದುದು ದೋಷವಲ್ಲ. ಇಕ್ಕಟ್ಟು ಬಂದಾಗ ಎಲ್ಲಕ್ಕಿಂತ ಮೊದಲು ಸರಿಯತಕ್ಕ ಚೌಕ ಅದೇ ಆದುದೇಕೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಸಾಧನಗಳ ಚರಿತ್ರೆ ಬಹು ದೀರ್ಘವಾದುದಲ್ಲ. ೧೯೭೧ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸಿದರು. ೧೯೯೭ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ಇ-ಮೇಲನ್ನೂ ದಿನಚರಿಯನ್ನೂ ಒಂದೇ ಕಡೆ ಇರಿಸಿತು. ಗೂಗಲ್ ಸಂಸ್ಥೆಯ ಜಿಮೇಲ್ ೨೦೦೪ರಲ್ಲಿಯೂ, ಕ್ಯಾಲೆಂಡರ್ ೨೦೦೬ರಲ್ಲಿಯೂ ಜನರ ಬಳಕೆಗೆ ಬಂದುವು. ಇವುಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಹಳೆಯ ಅಂಚೆಗೆ ಸಹಜವಾದ ಒಂದು ಬೇಲಿಯಿತ್ತು. ಅಂಚೆಯವನು ಹಗಲಿನಲ್ಲಿ ಬರುತ್ತಿದ್ದನು. ತಂತಿಯ ಹೊರತು ಬೇರಾವ ಪತ್ರವೂ ನಡುರಾತ್ರಿಯಲ್ಲಿ ಬಾಗಿಲು ತಟ್ಟುತ್ತಿರಲಿಲ್ಲ. ಇ-ಮೇಲಿನಲ್ಲಿ ಆ ಬೇಲಿ ಬಿದ್ದುಹೋಯಿತು. ಕ್ಯಾಲೆಂಡರಿನಲ್ಲಂತೂ ಅನ್ಯರು ಕಳುಹಿಸಿದ ಕರೆಯು ನಮ್ಮ ಒಪ್ಪಿಗೆಗೆ ಮುಂಚೆಯೇ ನಮ್ಮ ದಿನದಲ್ಲಿ ಬಂದು ಕುಳಿತುಕೊಳ್ಳುವಂತಾಯಿತು. ಈಚೆಗೆ ಬಂದ ಸೌಲಭ್ಯಗಳಲ್ಲಿ ಹೆಚ್ಚಿನವು, ಬಿದ್ದ ಈ ಬೇಲಿಯನ್ನು ಮರಳಿ ಕಟ್ಟುವ ಪ್ರಯತ್ನಗಳೇ ಆಗಿವೆ. ಅವುಗಳಲ್ಲಿ ಕೆಲವನ್ನು ಪರಿಶೀಲಿಸೋಣ.

೨೦೧೮ರಲ್ಲಿ ಜಿಮೇಲಿಗೆ ಬಂದ ‘ಸ್ನೂಜ್’ ಎಂಬುದು ಮೊದಲನೆಯದು. ಈಗ ಬೇಡವೆನಿಸಿದ ಪತ್ರವನ್ನು ನಾಳೆಗೋ ಬರುವ ವಾರಕ್ಕೋ ಸರಿಸಬಹುದು. ಅಲ್ಲಿಯವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ. ಗೊತ್ತಾದ ಹೊತ್ತಿಗೆ ತಾನಾಗಿ ಮತ್ತೆ ಮೇಲೆ ಬಂದು ನಿಲ್ಲುತ್ತದೆ. ಒಂದು ಕೆಲಸದಲ್ಲಿ ಮನಸ್ಸಿಟ್ಟಿರುವವನಿಗೆ ಇದು ನಿಜವಾಗಿಯೂ ಸಹಾಯಕ. ಆದರೆ ಇದರಿಂದ ಸಾಲ ತೀರುವುದಿಲ್ಲ, ವಾಯಿದೆ ಬದಲಾಗುತ್ತದೆ ಅಷ್ಟೆ. ಕಣ್ಣಿಗೆ ಕಾಣದುದನ್ನು ಮುಗಿದುದೆಂದು ಭಾವಿಸುವ ನಮ್ಮ ಮನಸ್ಸಿನ ದೌರ್ಬಲ್ಯವನ್ನು ಯಾವ ಯಂತ್ರವೂ ತಿದ್ದಲಾರದು.

ಎರಡನೆಯದು, ಕಳುಹಿಸಿದ ಪತ್ರವನ್ನು ಹಿಂತೆಗೆದುಕೊಳ್ಳುವ ಸೌಲಭ್ಯ. ೨೦೦೯ರಲ್ಲಿ ಪ್ರಯೋಗರೂಪದಲ್ಲಿ ಬಂದ ಇದು ೨೦೧೫ರಲ್ಲಿ ಎಲ್ಲರಿಗೂ ದೊರೆಯಿತು. ಹೆಸರು ಹಿಂತೆಗೆತವಾದರೂ ಅದು ಹೋದ ಪತ್ರವನ್ನು ಮರಳಿ ತರುವುದಿಲ್ಲ. ನಾವು ಕಳುಹಿಸಿದೆವೆಂದು ತಿಳಿದ ಮೇಲೆಯೂ ಯಂತ್ರವು ಪತ್ರವನ್ನು ೫ರಿಂದ ೩೦ ಸೆಕೆಂಡುಗಳವರೆಗೆ ತನ್ನಲ್ಲಿಯೇ ತಡೆದಿಟ್ಟುಕೊಂಡಿರುತ್ತದೆ. ಸಿಟ್ಟಿನಲ್ಲಿ ಬರೆದವನಿಗೆ ಇಲ್ಲದ ಅರ್ಧ ನಿಮಿಷದ ತಾಳ್ಮೆಯನ್ನು ಅವನ ಪರವಾಗಿ ಯಂತ್ರವು ಪಾಲಿಸುತ್ತಿದೆ! ಆ ತಾಳ್ಮೆ ನಮ್ಮಲ್ಲಿಯೇ ಇದ್ದಿದ್ದರೆ ಎಷ್ಟು ಮನೆಗಳ ಮನಸ್ತಾಪ ಉಳಿಯುತ್ತಿತ್ತು.

ಮೂರನೆಯದು ‘ಫೋಕಸ್ ಟೈಮ್’, ಅಂದರೆ ಏಕಾಗ್ರತೆಯ ವೇಳೆ. ೨೦೨೧ರಲ್ಲಿ ಗೂಗಲ್ ಕ್ಯಾಲೆಂಡರಿಗೆ ಸೇರಿದ ಈ ಏರ್ಪಾಡಿನಂತೆ, ಉದ್ಯೋಗಿಯು ತನ್ನ ಕೆಲಸಕ್ಕೆಂದು ಎರಡು ಗಂಟೆಯನ್ನು ಕಾಯ್ದಿರಿಸಿದರೆ, ಆ ಹೊತ್ತಿಗೆ ಬರುವ ಸಭೆಯ ಕರೆಗಳನ್ನು ಯಂತ್ರವೇ ನಿರಾಕರಿಸಬಲ್ಲುದು. ಇದು ಒಳ್ಳೆಯ ಬೇಲಿ. ಆದರೆ ಬೇಲಿ ಬೆಳೆಯನ್ನು ಕಾಯುವುದೇ ಹೊರತು ತಾನು ಬಿತ್ತುವುದಿಲ್ಲ. ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬ ಆಂಗ್ಲ ಲೇಖಕರು ೧೯೫೫ರಲ್ಲಿ ‘ದಿ ಇಕನಾಮಿಸ್ಟ್’ ಪತ್ರಿಕೆಯಲ್ಲಿ ಒಂದು ಮಾತನ್ನು ವಿನೋದವಾಗಿ ಪ್ರತಿಪಾದಿಸಿದರು: ಕೆಲಸಕ್ಕೆ ಎಷ್ಟು ಹೊತ್ತನ್ನು ಕೊಟ್ಟರೆ ಅಷ್ಟು ಹೊತ್ತನ್ನೂ ತುಂಬುವಂತೆ ಅದು ಹಿಗ್ಗುತ್ತದೆ ಎಂಬುದು ಅದರ ತಾತ್ಪರ್ಯ. ಉಳಿಸಿದ ಕಾಲವನ್ನು ಯಾವುದಕ್ಕೆ ಅರ್ಪಿಸಬೇಕೆಂದು ಮೊದಲೇ ನಿಶ್ಚಯಿಸದವನಿಗೆ ಉಳಿತಾಯವು ಸೋರುವ ಕೊಡದಂತೆ. ಅದು ಮತ್ತೊಂದು ಸಭೆಗೋ ಮತ್ತೊಂದು ಸಲ್ಲದ ಹರಟೆಗೋ ಹರಿದುಹೋಗುತ್ತದೆ.

ಇದುವರೆಗೆ ಹೇಳಿದುವೆಲ್ಲ ನಮ್ಮ ಕಾಲವನ್ನು ನಾವು ಕಾಯ್ದುಕೊಳ್ಳುವ ಉಪಾಯಗಳು. ಆದರೆ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನಾವು ನೋಡುವುದು ಕಡಿಮೆ. ನನ್ನ ದಿನಕ್ಕೆ ಅನ್ಯರು ನುಗ್ಗುತ್ತಾರೆಂದು ದೂರುವ ನಾನೇ ಎಷ್ಟು ಜನರ ದಿನಕ್ಕೆ ನುಗ್ಗುತ್ತಿದ್ದೇನೆ?

ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆಯನ್ನು ವಾಚಕರು ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಮಿಕ್ಕುದು ತಮ್ಮದಲ್ಲವೆಂದು ಹೇಳಿ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಅಕ್ಕಿ ಕದ್ದುದಲ್ಲ, ಯಾರೂ ಬೇಡವೆಂದಿರಲಿಲ್ಲ, ನೆಲದ ಮೇಲೆ ಬಿದ್ದುದೇ ಆಗಿತ್ತು. ಆದರೂ ಹೆಚ್ಚಾದುದು ಹೆಚ್ಚಾದುದೇ ಎಂಬ ವಿವೇಕ ಆ ತಾಯಿಯದು.

ಈ ವಿವೇಕವನ್ನು ಕಾಲಕ್ಕೆ ಅನ್ವಯಿಸಿ ನೋಡಬೇಕು. ಮೂವರು ಹತ್ತು ನಿಮಿಷ ಕುಳಿತರೆ ತೀರುವ ವಿಷಯಕ್ಕೆ ಇಪ್ಪತ್ತು ಮಂದಿಯನ್ನು ಒಂದು ಗಂಟೆ ಕರೆಯುವವನು ಒಂದು ಗಂಟೆಯನ್ನಲ್ಲ, ಇಪ್ಪತ್ತು ಗಂಟೆಗಳನ್ನು ಖರ್ಚುಮಾಡಿದಂತಾಯಿತು. ಮೂವರ ಹತ್ತು ನಿಮಿಷವೆಂದರೆ ಅರ್ಧ ಗಂಟೆ. ಉಳಿದ ಹತ್ತೊಂಬತ್ತೂವರೆ ಗಂಟೆಯು ಅವನು ಆಯ್ದು ತಂದ ಹೆಚ್ಚಿನ ಅಕ್ಕಿ. ಅವರ ಕ್ಯಾಲೆಂಡರಿನಲ್ಲಿ ಜಾಗ ಬರಿದಾಗಿತ್ತಲ್ಲವೆಂದು ಅವನು ಹೇಳಬಹುದು. ನೆಲದ ಮೇಲೆ ಬಿದ್ದಿತ್ತೆಂಬ ಕಾರಣವನ್ನು ಲಕ್ಕಮ್ಮನು ಒಪ್ಪಲಿಲ್ಲವೆಂಬುದನ್ನು ಅವನು ನೆನೆಯಬೇಕು. ಸಭೆಗಳನ್ನು ಗೊತ್ತಾದ ವೇಳೆಗಿಂತ ಐದೋ ಹತ್ತೋ ನಿಮಿಷ ಮೊದಲೇ ಮುಗಿಸುವಂತೆ ನಿಯಮಿಸುವ ಸೌಲಭ್ಯವು ಗೂಗಲ್ ಕ್ಯಾಲೆಂಡರಿನಲ್ಲಿಯೂ ಔಟ್‌ಲುಕ್‌ನಲ್ಲಿಯೂ ಇದೆ. ಅರ್ಧ ಗಂಟೆಯ ಸಭೆ ೨೫ ನಿಮಿಷವಾಗುತ್ತದೆ, ಅಂದರೆ ಹೆಚ್ಚುಕಡಿಮೆ ನಮ್ಮ ಹಿರಿಯರ ಒಂದು ಘಳಿಗೆ. ಉಳಿದ ಐದು ನಿಮಿಷದಲ್ಲಿ ಒಬ್ಬನು ಎದ್ದು ನೀರು ಕುಡಿಯುತ್ತಾನೆ. ಒಬ್ಬಳು ಮಗುವಿನ ಮುಖ ನೋಡಿ ಬರುತ್ತಾಳೆ. ಮಿಕ್ಕುದನ್ನು ಮರಳಿ ಸುರಿದಂತೆ ಇದು.

ಈ ದೃಷ್ಟಿಯಿಂದ, ಹೊಸ ಸೌಲಭ್ಯಗಳಲ್ಲೆಲ್ಲ ನನಗೆ ಶ್ರೇಷ್ಠವೆನಿಸಿದುದು ೨೦೧೯ರ ಏಪ್ರಿಲಿನಲ್ಲಿ ಜಿಮೇಲಿಗೆ ಬಂದ ಒಂದು ಸಣ್ಣ ಏರ್ಪಾಡು. ಪತ್ರವನ್ನು ಈಗ ಬರೆದು, ಅದು ಯಾವಾಗ ಹೋಗಬೇಕೆಂಬುದನ್ನು ಗೊತ್ತುಪಡಿಸುವುದೇ ಅದು. ಬೆಂಗಳೂರಿಗೂ ಅಮೆರಿಕದ ಕ್ಯಾಲಿಫೋರ್ನಿಯಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರ. ಅಲ್ಲಿ ಬೆಳಗಿನ ೯ ಗಂಟೆಯೆಂದರೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ ೯-೩೦, ಚಳಿಗಾಲದಲ್ಲಿ ರಾತ್ರಿ ೧೦-೩೦. ಅಲ್ಲಿಯ ಅಧಿಕಾರಿ ಹೊಸ ದಿನದ ಹುರುಪಿನಲ್ಲಿ ಬರೆದ ಪತ್ರವು ಇಲ್ಲಿ ಮಗುವನ್ನು ಮಲಗಿಸುತ್ತಿರುವವರ ಕೈಯಲ್ಲಿ ಗುಣುಗುಟ್ಟುತ್ತದೆ. ಅದೇ ಪತ್ರ ಇಲ್ಲಿಯ ಬೆಳಗಿಗೆ ತಲಪುವಂತೆ ಅವನು ಗೊತ್ತುಮಾಡಿದರೆ ಅವನಿಗೆ ನಷ್ಟವೇನೂ ಇಲ್ಲ. ಇಲ್ಲಿ ಒಂದು ಸಂಸಾರಕ್ಕೆ ಒಂದು ರಾತ್ರಿ ದೊರೆಯಿತು. ಮಿಕ್ಕ ಸೌಲಭ್ಯಗಳು ‘ನನ್ನ ಹೊತ್ತು’ ಎನ್ನುತ್ತವೆ. ಇದು ‘ನಿಮ್ಮ ಹೊತ್ತು’ ಎನ್ನುತ್ತದೆ. ಇದನ್ನು ಕಾಲದ ದಾಸೋಹವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಇದರಲ್ಲಿಯೂ ಕಪಟಕ್ಕೆ ಅವಕಾಶವುಂಟು. ಸಂಜೆ ಬರೆದುದನ್ನು ನಸುಕಿನ ೫ ಗಂಟೆಗೆ ಹೋಗುವಂತೆ ಇಟ್ಟು, ತಾನು ಆ ಹೊತ್ತಿಗೇ ಎದ್ದು ದುಡಿಯುವವನೆಂದು ತೋರಿಸಿಕೊಳ್ಳುವವರೂ ಇರಬಹುದು. ಸಾಧನ ಒಂದೇ, ಒಬ್ಬನ ಕೈಯಲ್ಲಿ ಅದು ಕರುಣೆ, ಮತ್ತೊಬ್ಬನ ಕೈಯಲ್ಲಿ ಸುಳ್ಳು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಬೇಲಿ ಕಟ್ಟುವ ಅಧಿಕಾರ ಎಲ್ಲರಿಗೂ ಉಂಟೆ? ಮೇಲಧಿಕಾರಿಯ ಕರೆಯನ್ನು ನಿರಾಕರಿಸುವ ಗುಂಡಿ ಎಲ್ಲರ ಯಂತ್ರದಲ್ಲಿಯೂ ಇದೆ. ಅದನ್ನು ಒತ್ತುವ ಧೈರ್ಯ ಎಲ್ಲರಲ್ಲಿಯೂ ಇರಲಾರದು. ಈ ಆಕ್ಷೇಪಣೆ ಸತ್ಯವಾದುದು. ಆದುದರಿಂದಲೇ ಕೆಲವು ದೇಶಗಳು ಇದನ್ನು ವ್ಯಕ್ತಿಯ ಧೈರ್ಯಕ್ಕೆ ಬಿಡದೆ ಕಾನೂನಿನ ಮಾತನ್ನಾಗಿ ಮಾಡಿವೆ. ಫ್ರಾನ್ಸಿನಲ್ಲಿ ೨೦೧೭ರ ಜನವರಿ ೧ರಿಂದ, ೫೦ ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯ ಹೊರಗೆ ಸಂಪರ್ಕದಿಂದ ದೂರವಿರುವ ಹಕ್ಕಿನ ವಿಷಯದಲ್ಲಿ ನೌಕರರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕಾಗಿದೆ. ಆಸ್ಟ್ರೇಲಿಯದಲ್ಲಿ ಇಂತಹ ಹಕ್ಕು ೨೦೨೪ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಕಾನೂನು ಬರಲಿ, ಬಾರದಿರಲಿ, ಹತ್ತು ಜನರ ಮೇಲೆ ಅಧಿಕಾರವುಳ್ಳವನು ಆ ಹತ್ತು ಮನೆಗಳ ರಾತ್ರಿಗೂ ಹೊಣೆಗಾರನೆಂಬುದು ಧರ್ಮ.

ಯಾವ ಕ್ಯಾಲೆಂಡರಿನಲ್ಲಿಯೂ ಹೆಸರಿಲ್ಲದವರ ಕಾಲವನ್ನೂ ನಾವು ನೆನೆಯಬೇಕು. ಯಜಮಾನನ ರಾತ್ರಿಯ ಸಭೆ ಮುಗಿಯುವವರೆಗೆ ಅಡುಗೆಯನ್ನು ಬಿಸಿಯಾಗಿಟ್ಟುಕೊಂಡು ಕಾಯುವ ಗೃಹಿಣಿಯ ಹೊತ್ತು, ಕಚೇರಿಯ ಬಾಗಿಲಲ್ಲಿ ಕಡೆಯವನು ಹೊರಡುವವರೆಗೆ ನಿಂತಿರುವ ಕಾವಲುಗಾರನ ಹೊತ್ತು—ಇವಕ್ಕೆ ಬಣ್ಣದ ಚೌಕಗಳಿಲ್ಲ. ಚೌಕವಿಲ್ಲದುದರಿಂದ ಆ ಘಳಿಗೆಗಳು ಕಡಿಮೆ ಬೆಲೆಯವಾಗಲಾರವು.

ಈಗ ಯಂತ್ರವೇ ಬುದ್ಧಿಯನ್ನು ಪ್ರಯೋಗಿಸುವ ಕಾಲ ಬಂದಿದೆ. ೨೦೨೫ರಲ್ಲಿ ಜಿಮೇಲಿಗೆ ಸೇರಿದ ಜೆಮಿನಿಯ ಸೌಲಭ್ಯವೊಂದು, ನಾವು ಬರೆಯುತ್ತಿರುವ ಪತ್ರವನ್ನೂ ನಮ್ಮ ಕ್ಯಾಲೆಂಡರನ್ನೂ ನೋಡಿ, ಭೇಟಿಗೆ ತಕ್ಕ ಬಿಡುವಿನ ವೇಳೆಗಳನ್ನು ತಾನೇ ಸೂಚಿಸುತ್ತದೆ. ಇದರಿಂದ ನಾಲ್ಕಾರು ಪತ್ರಗಳ ಶ್ರಮ ತಪ್ಪುವುದು ನಿಶ್ಚಯ. ಆದರೆ ಯಂತ್ರಕ್ಕೆ ಕಾಣುವುದು ಯಾವ ಹೊತ್ತು ಬರಿದಾಗಿದೆಯೆಂಬುದು. ಆ ಹೊತ್ತು ಏಕೆ ಬರಿದಾಗಿರಬೇಕೆಂಬುದನ್ನು ಅದು ಅರಿಯದು. ಎಲ್ಲ ಬರಿದೂ ತುಂಬಲಿಕ್ಕಾಗಿ ಇರುವುದಿಲ್ಲ. ಪೂಜೆಯ ಹೊತ್ತು, ಮಕ್ಕಳೊಡನೆ ಉಣ್ಣುವ ಹೊತ್ತು, ಏನೂ ಮಾಡದೆ ಅಂಗಳದಲ್ಲಿ ಕುಳಿತುಕೊಳ್ಳುವ ಹೊತ್ತು—ಇವು ಯಂತ್ರದ ಲೆಕ್ಕದಲ್ಲಿ ಬಿಡುವು. ಬಾಳಿನ ಲೆಕ್ಕದಲ್ಲಿ ತುಂಬಿದ ಕೊಡ.

ಆ ಗೃಹಸ್ಥರ ಮನೆಯಿಂದ ನಾನು ಹೊರಟುದು ರವಿವಾರ ಸಂಜೆ. ಚಪ್ಪಲಿ ಮೆಟ್ಟುವಾಗ ಒಳಗಿನ ಕೋಣೆಯಿಂದ “ಅವ್ವಾ, ಊಟ ಆತೇನು?” ಎಂಬ ದನಿ ಕೇಳಿಸಿತು. ಮೇಜಿನ ಮೇಲಿದ್ದ ಅವರ ಗಣಕಯಂತ್ರದ ಪರದೆಯಲ್ಲಿ ಯಾವುದೋ ಕರೆ ಬಂದು ಮಿನುಗುತ್ತಿತ್ತು. ಅದನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಅತಿಥಿಯನ್ನು ಬೀಳ್ಕೊಡಲು ಯಜಮಾನರು ಬಾಗಿಲವರೆಗೆ ಬರಲಿಲ್ಲ. ಅವರ ಪತ್ನಿ ಅದಕ್ಕಾಗಿ ಕ್ಷಮೆ ಕೇಳಿದರು. ಕ್ಷಮಿಸುವಂತಹುದು ಅಲ್ಲಿ ಏನೂ ಇರಲಿಲ್ಲ. ನನಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಹೊತ್ತನ್ನು ಆ ಎರಡು ದಿನಗಳಲ್ಲಿ ನಾನು ಆಗಲೇ ಪಡೆದಿದ್ದೆನು. ಮಿಕ್ಕುದು ಆ ತಾಯಿಗೆ ಸಲ್ಲತಕ್ಕದ್ದಾಗಿತ್ತು.