ದೈವದ ಲೆಕ್ಕಕ್ಕೆ ಬರೆದ ನಷ್ಟ

ಒದಗಬಹುದಾದ ಕೇಡುಗಳಲ್ಲಿ ಯಾವುದನ್ನು ದೈವದ ಲೆಕ್ಕಕ್ಕೆ ಬರೆಯಬೇಕು, ಯಾವುದನ್ನು ಮನುಷ್ಯನ ಹೊಣೆಯೆಂದು ವಸೂಲು ಮಾಡಬೇಕು ಎಂಬುದು ಧರ್ಮಶಾಸ್ತ್ರದ ಹಳೆಯ ಪ್ರಶ್ನೆ. ಅದಕ್ಕೆ ಕನ್ನಡ ನಾಡಿನಲ್ಲಿ ಸಿಕ್ಕ ಖಚಿತವಾದ ಉತ್ತರಗಳಲ್ಲಿ ಒಂದು ಮಿತಾಕ್ಷರೆಯಲ್ಲಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಕಾಲದವನು, ಕಲಬುರಗಿ ಸೀಮೆಯ ಶಹಾಬಾದಿನ ಹತ್ತಿರದ ಮರತೂರು ಅವನ ಊರೆಂದು ಈ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ನ್ಯಾಯಾಲಯಗಳು ಆಸ್ತಿ ಹಂಚಿಕೆಯ ವಿಷಯದಲ್ಲಿ ಈ ಗ್ರಂಥವನ್ನು ಬಹುಕಾಲ ಆಧರಿಸಿದ್ದರಿಂದ ದಾಯವಿಭಾಗದ ಪ್ರಕರಣವೇ ಹೆಚ್ಚು ಪ್ರಸಿದ್ಧವಾಗಿ, ಸಾಲ ಮತ್ತು ಠೇವಣಿಯ ಪ್ರಕರಣಗಳು ಮರೆಗೆ ಸರಿದಿವೆ. ಆದರೆ ಅಪಾಯದ ವಿಚಾರವಿರುವುದು ಅಲ್ಲಿಯೇ.

ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿಯೆಂದು ವಿಧಿಸುವ ಸ್ಮೃತಿಯು, ದಟ್ಟಡವಿಯನ್ನು ಹಾಯ್ದು ವ್ಯಾಪಾರ ಮಾಡುವವನಿಗೆ ನೂರಕ್ಕೆ 10ನ್ನೂ ಸಮುದ್ರಕ್ಕೆ ಇಳಿಯುವವನಿಗೆ 20ನ್ನೂ ನಿಗದಿ ಮಾಡುತ್ತದೆ. ಅಲ್ಲಿ ಬಡ್ಡಿಯಷ್ಟೇ ಅಲ್ಲ, ಅಸಲೇ ಮುಳುಗುವ ಶಂಕೆಯಿದೆ ಎಂಬುದು ವಿಜ್ಞಾನೇಶ್ವರನು ಕೊಡುವ ಕಾರಣ. ಇದಕ್ಕಿಂತ ಆಳವಾದದ್ದು ಉಪನಿಧಿಯ, ಅಂದರೆ ಮುದ್ರೆಯೊತ್ತಿ ಇನ್ನೊಬ್ಬರ ವಶಕ್ಕೆ ಕೊಟ್ಟ ಒಡವೆಯ ನಿಯಮ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಒಡೆಯನು ಬಂದು ಕೇಳಿದ ಮೇಲೂ ಕೊಡದೆ ತಡಮಾಡಿದ್ದರೆ, ಆಮೇಲೆ ಒದಗಿದ ನಷ್ಟಕ್ಕೆ ಅವನೇ ಹೊಣೆ, ಮೇಲೆ ಅಷ್ಟೇ ದಂಡ. ಹಾಳಾದ ಒಡವೆಯೂ ಹಾಳು ಮಾಡಿದ ದೈವವೂ ಎರಡು ಸಂದರ್ಭದಲ್ಲಿ ಒಂದೇ ಆಗಿದ್ದರೂ, ನಡುವೆ ಒಬ್ಬನು ಬಂದು ಕೇಳಿದ್ದನು ಎಂಬ ಕಾರಣಕ್ಕೆ ಹೊಣೆ ಬದಲಾಗುತ್ತದೆ.

ಇಂದು ದೈವಕ್ಕೂ ಮನುಷ್ಯನ ಹೊಣೆಗೂ ನಡುವಿನ ಈ ಗೆರೆಯನ್ನು ಎಳೆಯುವವರು ವ್ಯಾಖ್ಯಾನಕಾರರಲ್ಲ, ಮಾನಕಗಳನ್ನು, ಅಂದರೆ ವಸ್ತುವೊಂದು ಹೇಗಿರಬೇಕೆಂದು ಬರೆದಿಟ್ಟ ಅಧಿಕೃತ ಅಳತೆಗಳನ್ನು, ರೂಪಿಸುವ ಭಾರತೀಯ ಮಾನಕ ಬ್ಯೂರೋದ ಸಮಿತಿಗಳು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಿಂದ ಹೊರಡುವ ಸಿಮೆಂಟ್ ಚೀಲದ ಮೇಲಿನ 43 ಅಥವಾ 53 ಎಂಬ ಅಂಕಿ, ಆ ಸಿಮೆಂಟಿನ ಗಾರೆಯಿಂದ ಮಾಡಿದ ಅಚ್ಚು 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ ಎಷ್ಟು ನ್ಯೂಟನ್ ಒತ್ತಡವನ್ನು ತಾಳಬೇಕು ಎಂಬುದನ್ನು ಹೇಳುತ್ತದೆ. ಕಾಂಕ್ರೀಟಿನ ಸಂಹಿತೆಯಾದ ಐಎಸ್ 456 ಇನ್ನೂ ಮುಂದೆ ಹೋಗಿ, ಪರೀಕ್ಷೆಯ ಫಲಿತಾಂಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಯಾವ ಬಲಕ್ಕಿಂತ ಕೆಳಗೆ ಬೀಳಲಾರವೋ ಅದನ್ನೇ ಆ ಕಾಂಕ್ರೀಟಿನ ವಿಶಿಷ್ಟ ಬಲವೆಂದು ಕರೆಯುತ್ತದೆ. ಐದು ಬೀಳಬಹುದೆಂದು ಬರವಣಿಗೆಯಲ್ಲಿಯೇ ಒಪ್ಪಿಕೊಂಡು, ವಿನ್ಯಾಸದಲ್ಲಿ ಬಲವನ್ನು ಮತ್ತೆ ಒಂದೂವರೆಯಿಂದ ಭಾಗಿಸುವ ಈ ಕ್ರಮದಲ್ಲಿ ಗೌರವಿಸತಕ್ಕ ಪ್ರಾಮಾಣಿಕತೆಯಿದೆ. ಕೇಡೇ ಬಾರದೆಂಬ ಹುಸಿ ಭರವಸೆಯನ್ನು ಅದು ಯಾರಿಗೂ ಕೊಡುವುದಿಲ್ಲ.

ಆದರೆ ಮಾನಕದ ಗೆರೆ ತಪ್ಪಾದಾಗ ಏನಾಗುತ್ತದೆಂಬುದನ್ನು ಈ ಸೀಮೆಯ ನೆರೆಯ ಲಾತೂರ್ ಜಿಲ್ಲೆ ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಮಿ ನಡುಗಿ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಮಣ್ಣು ಹೇರಿದ ಭಾರದ ಮಾಳಿಗೆಗಳೂ ಕುಸಿದು, ಮಲಗಿದ್ದ ಸಾವಿರಾರು ಜನ ಸತ್ತರು. ಅಂದಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಪ್ರದೇಶವಿದ್ದದ್ದು ಅತ್ಯಂತ ಸುರಕ್ಷಿತವೆಂದು ಎಣಿಸಲಾದ ಒಂದನೆಯ ವಲಯದಲ್ಲಿ. 2002ರಲ್ಲಿ ಆ ನಕ್ಷೆಯಿರುವ ಐಎಸ್ 1893 ಮಾನಕ ಪರಿಷ್ಕೃತವಾದಾಗ ಒಂದನೆಯ ವಲಯವನ್ನೇ ತೆಗೆದುಹಾಕಿ, ಲಾತೂರ್ ಪ್ರದೇಶವನ್ನು ಮೂರನೆಯದಕ್ಕೆ ಏರಿಸಲಾಯಿತು. ಭೂಮಿ ಬದಲಾಗಿರಲಿಲ್ಲ, ಬದಲಾದದ್ದು ಕಾಗದ. ಆದರೂ ಮೊದಲು ಹಣೆಬರಹವೆನಿಸಿದ್ದ ಸಾವು ಇನ್ನು ಮುಂದೆ ಕಟ್ಟಿದವರ ತಪ್ಪಾಗಬಲ್ಲುದು. ದೈವವೆಂದರೆ ಹಿಂದಿನ ದೇಹದಲ್ಲಿ ಮಾಡಿದ ಪೌರುಷವೇ ಫಲವಾಗಿ ಎದುರಾಗುವುದೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಪುನರ್ಜನ್ಮವನ್ನು ಒಪ್ಪದವರೂ ಕಿಲ್ಲಾರಿಯ ಮಟ್ಟಿಗೆ ಈ ಮಾತನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅಲ್ಲಿ ದೈವದ ರೂಪದಲ್ಲಿ ಬಂದದ್ದರಲ್ಲಿ ಹಿಂದೆಂದೋ ಮನುಷ್ಯರು ಎಳೆದ ಗೆರೆಯ ಪಾಲೂ ಇತ್ತು.

ಕಿಲ್ಲಾರಿಯಲ್ಲಿ ಕುಸಿದಂಥ ಮನೆಗಳಿಗೆ ಮಾನಕವೇ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಅದೇ 1993ರ ಐಎಸ್ 13828 ಎಂಬ ಮಾರ್ಗಸೂಚಿಯು ಕಡಿಮೆ ಬಲದ ಕಲ್ಲು ಮತ್ತು ಇಟ್ಟಿಗೆಯ ಕಟ್ಟಡಗಳಿಗೆಂದೇ ಇದೆ. ಒರಟು ಕಲ್ಲಿನ ಗೋಡೆಗೆ ಒಳಗೊಂದು ಹೊರಗೊಂದು ಮೈಯಿದ್ದು ನಡುವೆ ಚೂರುಗಲ್ಲು ತುಂಬಿರುವುದರಿಂದ, ನೆಲ ಅಲುಗಿದಾಗ ಎರಡು ಮೈಗಳೂ ಉಬ್ಬಿ ಬೇರೆಯಾಗುತ್ತವೆ. ಅದನ್ನು ತಡೆಯಲು ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಉದ್ದಗಲ್ಲುಗಳನ್ನು ಪ್ರತಿ 600 ಮಿಲಿಮೀಟರ್ ಎತ್ತರಕ್ಕೆ, 1.2 ಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ, ಇಡಬೇಕೆಂದು ಅದು ತಿಳಿಸುತ್ತದೆ. ಫರಸಿ ಕಲ್ಲಿನ ನಾಡಿನ ಗೌಂಡಿಗೆ ಇದು ಕೈಗೆ ಮೀರಿದ ಕೆಲಸವಲ್ಲ. ಆದರೆ ಸಿಮೆಂಟಿನ ಮಾನಕ ಕಡ್ಡಾಯವಾಗಿದ್ದು, ಐಎಸ್‌ಐ ಗುರುತಿಲ್ಲದ ಚೀಲವನ್ನು ಮಾರುವಂತಿಲ್ಲ. ಈ ಮಾರ್ಗಸೂಚಿಯಾದರೋ ಬರಿಯ ಸಲಹೆ. ಮಾರುಕಟ್ಟೆಗೆ ಹೋಗುವ ಸರಕಿಗೆ ಆಜ್ಞೆಯೂ ಬಡವನ ಗೋಡೆಗೆ ಉಪದೇಶವೂ ದೊರೆತಿರುವುದು ಆಕಸ್ಮಿಕವಲ್ಲ. ಯಾರ ನಷ್ಟವನ್ನು ದೈವಕ್ಕೆ ಬಿಡಬಹುದೆಂಬ ತೀರ್ಮಾನ ಅದರಲ್ಲಿ ಅಡಗಿದೆ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ಭಾಗದ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿ, ಜನ ಮನೆಯೊಳಗೆ ಮಲಗಲು ಅಂಜಿ ರಾತ್ರಿಗಳನ್ನು ಬಯಲಿನಲ್ಲಿ ಕಳೆದರು. ಕಲಬುರಗಿ ಆಗ ಇದ್ದದ್ದು ಅತ್ಯಂತ ಕೆಳಗಿನದಾದ ಎರಡನೆಯ ವಲಯದಲ್ಲಿ. ಅಲ್ಲಿ ಆದ ಕಂಪನಗಳೂ ಸಣ್ಣವೇ. ಹಾಗಿದ್ದರೂ ಮಿತಾಕ್ಷರೆಯ ನ್ಯಾಯವನ್ನು ಅನ್ವಯಿಸಿ ನೋಡಿದರೆ, ಪ್ರಜೆಗಳ ಪ್ರಾಣವನ್ನು ಉಪನಿಧಿಯಂತೆ ವಶದಲ್ಲಿಟ್ಟುಕೊಂಡ ಆಡಳಿತಕ್ಕೆ ಆ ರಾತ್ರಿಗಳಲ್ಲಿ ಒಡೆಯರು ಬಾಗಿಲಿಗೆ ಬಂದು ಕೇಳಿದಂತಾಗಿದೆ. ಆ ಊರುಗಳ ಗೋಡೆಗಳಿಗೆ ಉದ್ದಗಲ್ಲು ಬೀಳದೆ ಕಳೆಯುವ ಪ್ರತಿ ವರ್ಷವೂ, ಆ ನಿಯಮದ ಪ್ರಕಾರ, ಕೇಳಿದ ಮೇಲೆ ಮಾಡಿದ ತಡವೆಂದೇ ಎಣಿಕೆಯಾಗುತ್ತದೆ.