ಏಳು ಮೊಳದಲ್ಲಿ ಮೂರನೇ ಒಂದು ಪಾಲು

ಆರರಲ್ಲಿ ಐದು ಭಾಗದಿಂದ ಅರ್ಧ ಕಳೆಯಿರಿ ಎಂದರೆ ಕೆಲವು ಮಕ್ಕಳು ಮೇಲಿನದರಲ್ಲಿ ಮೇಲಿನದನ್ನೂ ಕೆಳಗಿನದರಲ್ಲಿ ಕೆಳಗಿನದನ್ನೂ ಕಳೆದುಬಿಡುತ್ತಾರೆ: 5/6 − 1/2 = 4/4. ಅಂದರೆ ಪೂರ್ತಿ ಒಂದು! ಯಲಬುರ್ಗಾದ ಶಾಲೆಯಾಗಲಿ ಕುಷ್ಟಗಿಯದಾಗಲಿ, ಹಲಗೆಯ ಮೇಲೆ ಈ ಉತ್ತರ ಬಿದ್ದರೆ ಮಾಸ್ತರು ಕೇಳುವುದು ಒಂದೇ: “ಅಲ್ಲೋ ತಮ್ಮಾ, ತಗದ ಮ್ಯಾಲೆ ಇದ್ದದ್ದಕ್ಕಿಂತ ಹೆಚ್ಚು ಹ್ಯಾಂಗ ಉಳೀತು?” ಛೇದ ಸಮ ಮಾಡಿಕೊಂಡರೆ 5/6 − 3/6, ಉಳಿಯುವುದು 2/6, ಸಂಕ್ಷೇಪಿಸಿದರೆ 1/3. ಹುಡುಗನ ಲೆಕ್ಕ ತಪ್ಪು, ಸರಿ. ಆದರೆ ಕಳೆದ ಮೇಲೂ ಪೂರ್ಣವೇ ಉಳಿಯುತ್ತದೆ ಎಂದು ಈಶಾವಾಸ್ಯದ ಶಾಂತಿಮಂತ್ರ ಗಂಭೀರವಾಗಿಯೇ ಹೇಳಿದೆ. ಅವನನ್ನು ಬೆಂಚಿನ ಮೇಲೆ ನಿಲ್ಲಿಸುವ ಮುನ್ನ ಅದನ್ನೂ ನೆನೆಯಬಹುದು.

ಛೇದ ಸಮ ಮಾಡುವ ವಿದ್ಯೆಗೂ ಕನ್ನಡ ನಾಡಿಗೂ ಹಳೆಯ ನಂಟು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ಪಂಡಿತ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಅದರಲ್ಲಿ ಭಿನ್ನರಾಶಿಗೆಂದೇ ‘ಕಲಾಸವರ್ಣ’ ಎಂಬ ಭಾಗವಿದೆ. ಇಂದು ಮಕ್ಕಳು ಲ.ಸಾ.ಅ. ಎನ್ನುವುದನ್ನು ಆತ ‘ನಿರುದ್ಧ’ ಎಂದ. ಪೂರ್ಣಾಂಕಕ್ಕೆ ಭಿನ್ನ ಕೂಡಿದರೆ ‘ಭಾಗಾನುಬಂಧ’, ಪೂರ್ಣಾಂಕದಿಂದ ಭಿನ್ನ ಕಳೆದಿದ್ದರೆ ‘ಭಾಗಾಪವಾಹ’ ಎಂದು ಬೇರೆ ಬೇರೆಯಾಗಿ ವಿವರಿಸಿದ. ಅದೇ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಊರುಗಳ ಸಾಲಿನಲ್ಲಿ ಕೊಪಣವನ್ನು ಹೆಸರಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ, ಆಗಿನ ಜೈನರ ದೊಡ್ಡ ತೀರ್ಥ.

ಒಂದೇ ಜಾತಿಯದನ್ನಷ್ಟೇ ಕಳೆಯಬೇಕು ಎಂಬ ನಿಯಮ ಈ ಸೀಮೆಯ ರೈತರಿಗೆ ಚೆನ್ನಾಗಿ ಗೊತ್ತು. 4 ಎಕರೆ 10 ಗುಂಟೆಯಲ್ಲಿ 1 ಎಕರೆ 25 ಗುಂಟೆ ಮಾರಿದರೆ, ಒಂದು ಎಕರೆ ಒಡೆದು 40 ಗುಂಟೆ ಮಾಡಿ, 3 ಎಕರೆ 50 ಗುಂಟೆಯಿಂದ ಕಳೆಯಬೇಕು; ಉಳಿಯುವುದು 2 ಎಕರೆ 25 ಗುಂಟೆ. ಪಹಣಿಯ ಚುಕ್ಕಿಯನ್ನು ದಶಮಾಂಶವೆಂದು ತಿಳಿದು ಮೊಬೈಲಿನಲ್ಲಿ ಒತ್ತಿದರೆ 2.85 ಬರುತ್ತದೆ, ಜಗಳ ಶುರುವಾಗುತ್ತದೆ. ಅಷ್ಟೇ ಅಲ್ಲ, ಗಂಗಾವತಿಯ ಕಾಲುವೆ ನೀರಿನ ಗದ್ದೆಯ ಒಂದು ಎಕರೆಗೂ ಕುಷ್ಟಗಿಯ ಒಣಬೇಸಾಯದ ಮಸಾರಿ ಹೊಲದ ಒಂದು ಎಕರೆಗೂ ಹಿಸೆ ಮಾಡುವ ಹಿರಿಯರು ಒಂದೇ ಬೆಲೆ ಕಟ್ಟುವುದಿಲ್ಲ.

ಧರ್ಮದ ಪ್ರಶ್ನೆ ಏಳುವುದೂ ಇಲ್ಲಿಯೇ. ಜೈನ ಸಾಧನೆಯ ನಡುಮಧ್ಯೆ ಒಂದು ವ್ಯವಕಲನವಿದೆ, ಅದು ನಿರ್ಜರೆ: ಜೀವಕ್ಕೆ ಅಂಟಿದ ಕರ್ಮವನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುವುದು. ಕರ್ಮ ಪುದ್ಗಲ, ಅಂದರೆ ಜಡ, ಜೀವ ಚೇತನ. ಎರಡಕ್ಕೂ ಸಮಛೇದವಿಲ್ಲ. ಹಾಗಾದರೆ ಒಂದರಿಂದ ಇನ್ನೊಂದನ್ನು ಕಳೆಯುವುದು ಹೇಗೆ? ಕರ್ಮ ಜೀವದ ಪಾಲೇ ಅಲ್ಲ, ಅದು ಹೋದರೆ ಜೀವಕ್ಕೆ ಕೊರತೆಯಿಲ್ಲ ಎಂದು ಜೈನರು ಉತ್ತರಿಸುತ್ತಾರೆ. ಉತ್ತರ ಚೊಕ್ಕವಾಗಿದೆ, ಆದರೆ ಸ್ವಲ್ಪ ಸಲೀಸು ಎನಿಸುತ್ತದೆ.

ಕರ್ಮ ಕಣ್ಣಿಗೆ ಕಾಣದು, ತುತ್ತು ಕಾಣುತ್ತದೆ. ‘ಊನೋದರ’ ಎಂಬ ತಪಸ್ಸಿನಲ್ಲಿ ಗಂಡಸಿನ ಪೂರ್ಣ ಆಹಾರ 32 ತುತ್ತು. 24 ಉಂಡರೆ ಕಾಲು ಪಾಲು ಬಿಟ್ಟಂತೆ, 16 ಉಂಡರೆ ಅರ್ಧ. 31 ಉಂಡು ಒಂದೇ ತುತ್ತು ಬಿಟ್ಟರೂ, ಬರೀ 1/32 ಕಳೆದರೂ, ಅದು ತಪಸ್ಸೇ. ಹೀಗೆ ಆಹಾರ ಕಳೆಯುತ್ತ ಹೋಗುವುದರ ಕೊನೆ ಸಲ್ಲೇಖನವೆಂಬ ವ್ರತ: ಮೊದಲು ಅನ್ನ ಬಿಡುವುದು, ಆಮೇಲೆ ಹಾಲು, ಮಜ್ಜಿಗೆ, ಕಡೆಗೆ ನೀರು. ಹಾಗೆ ದೇಹ ಬಿಟ್ಟವರ ನೆನಪಿನ ನಿಸಿದಿಗಳು ಕೊಪ್ಪಳದಲ್ಲಿ ಹಲವಿವೆ. ಅಶೋಕನ ಶಾಸನವಿರುವ ಪಾಲ್ಕಿಗುಂಡು ಬೆಟ್ಟದಲ್ಲಿ ಒಂದು ಜೋಡಿ ಪಾದದ ಗುರುತಿದ್ದು, ಜಟಾಸಿಂಹನಂದಿ ಆಚಾರ್ಯರ ಈ ಪಾದಗಳನ್ನು ಚಾವಯ್ಯ ಎಂಬಾತ ಮಾಡಿಸಿದನೆಂದು ಹಳಗನ್ನಡದಲ್ಲಿ ಕೊರೆದಿದ್ದಾರೆ. ‘ವರಾಂಗಚರಿತ’ ಬರೆದ ಕವಿ ಇವರೇ, ಇಲ್ಲಿಯೇ ದೇಹ ಬಿಟ್ಟರು ಎಂಬುದು ವಿದ್ವಾಂಸರ ಎಣಿಕೆ.

ಅನ್ನ, ನೀರು, ದೇಹ, ಕರ್ಮ ಎಲ್ಲವನ್ನೂ ಕಳೆದಾಯಿತು. ಉಳಿದ ಸಿದ್ಧಜೀವದ, ಅಂದರೆ ಮುಕ್ತವಾದ ಜೀವದ, ಗಾತ್ರವೆಷ್ಟು? ನಗು ಬರಿಸುವ ಪ್ರಶ್ನೆ. ಜೈನರು ಅದಕ್ಕೂ ಲೆಕ್ಕ ಹಾಕಿದ್ದಾರೆ. ಕೊನೆಯ ದೇಹದ ಅಳತೆಯಲ್ಲಿ ಮೂರನೇ ಒಂದು ಪಾಲು ಕಡಿಮೆ ಎನ್ನುತ್ತವೆ ಶ್ವೇತಾಂಬರ ಆಗಮಗಳು. ದೇಹದ ಒಳಗಿನ ಪೊಳ್ಳು ಜಾಗಗಳು ತುಂಬಿಕೊಂಡು ಜೀವ ದಟ್ಟವಾಗುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ತೀರ್ಥಂಕರ ಮಹಾವೀರನ ಎತ್ತರ 7 ಮೊಳ. ಅದರ ಮೂರನೇ ಒಂದು 2⅓; ಕಳೆದರೆ 4⅔. ಮೊಳಕ್ಕೆ 24 ಅಂಗುಲದಂತೆ 4 ಮೊಳ 16 ಅಂಗುಲ. ‘ಔಪಪಾತಿಕ ಸೂತ್ರ’ ಈ ಅಳತೆಯನ್ನು ಹೇಳುವ ಬಗೆಯಂತೂ ಸೊಗಸು: ನಾಲ್ಕು ಮೊಳ, ಜೊತೆಗೆ ಮೂರನೇ ಒಂದು ಪಾಲು ಕಡಿಮೆಯಾದ ಇನ್ನೊಂದು ಮೊಳ. ಭಾಗಾಪವಾಹವೇ! ದಿಗಂಬರರ ‘ದ್ರವ್ಯಸಂಗ್ರಹ’ದಲ್ಲಿ ನೇಮಿಚಂದ್ರರು ಇಷ್ಟು ನಿಖರಕ್ಕೆ ಹೋಗದೆ, ಕೊನೆಯ ದೇಹಕ್ಕಿಂತ ತುಸು ಕಡಿಮೆ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ.

ಕೊರತೆಯಿಲ್ಲ ಎಂದವರೇ ಈಗ ಮೂರನೇ ಒಂದು ಪಾಲು ಬಿಟ್ಟುಕೊಟ್ಟರಲ್ಲ ಎಂದು ಯಾರಾದರೂ ಹಿಡಿದು ನಿಲ್ಲಿಸಬಹುದು. ಅದಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ಜೀವಕ್ಕೆ ಅಸಂಖ್ಯಾತ ‘ಪ್ರದೇಶ’ಗಳು, ಅಂದರೆ ಇನ್ನು ಒಡೆಯಲಾಗದ ಸೂಕ್ಷ್ಮ ಬಿಂದುಗಳು. ಆನೆಯ ದೇಹದಲ್ಲಿ ಹಿಗ್ಗಲಿ, ಇರುವೆಯ ದೇಹದಲ್ಲಿ ಕುಗ್ಗಲಿ, ಅವುಗಳ ಸಂಖ್ಯೆ ಬದಲಾಗದು. ಮೊಳದಲ್ಲಿ ಅಳೆದರೆ ಮಹಾವೀರನ ಜೀವ 2 ಮೊಳ 8 ಅಂಗುಲ ಕಡಿಮೆಯಾಯಿತು. ಪ್ರದೇಶಗಳನ್ನು ಎಣಿಸಿದರೆ ಒಂದೂ ಕಡಿಮೆಯಾಗಲಿಲ್ಲ.