ಛಾಯಾಚಿತ್ರವೂ ಅದತ್ತಾದಾನವೂ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾದಿ ತಾಡಪತ್ರ ಗ್ರಂಥಗಳು ಶ್ರಾವಕರಿಗೆ ದರ್ಶನಕ್ಕೆ ಲಭ್ಯವಾಗಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾದಾಗ, ಲಿಪಿಕಾರರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಬರೆದಿಟ್ಟುಕೊಂಡರು. ಅದು ಸಹಾರನಪುರವನ್ನು ಸೇರಿತು. ಅದರಿಂದ ಹುಟ್ಟಿದ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ್ ಜೈನರು 1939ರಲ್ಲಿ ಧವಲಾ ಟೀಕೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಕೊಡದುದನ್ನು ಪಡೆದ ಆ ಕೃತ್ಯದಿಂದ ಲೋಕಕ್ಕೆ ಜ್ಞಾನದಾನವಾಯಿತು. ಹಾಗೆಂದು ಅಚೌರ್ಯಕ್ಕೆ ಭಂಗ ಬರಲಿಲ್ಲವೆನ್ನಲಾದೀತೆ? ಪತ್ರಿಕಾ ಛಾಯಾಗ್ರಾಹಕನ ವೃತ್ತಿಯೂ ಇಂಥದೇ ಇಕ್ಕಟ್ಟಿನಲ್ಲಿ ನಿಂತಿದೆ.

ಆ ವೃತ್ತಿಯ ಇತಿಹಾಸ ಬಹಳ ದೀರ್ಘವಾದುದಲ್ಲ. ರೋಜರ್ ಫೆಂಟನ್ ಕ್ರಿಮಿಯಾ ಯುದ್ಧಭೂಮಿಗೆ ಕ್ಯಾಮೆರಾ ಒಯ್ದುದು 1855ರಲ್ಲಿ. 1858ರಲ್ಲಿ ಫೆಲಿಚೆ ಬಿಯಾಟೊ ಲಖನೌದ ಸಿಕಂದರಬಾಗಿನಲ್ಲಿ ತೆಗೆದ ಚಿತ್ರದಲ್ಲಿ ಅಸ್ಥಿಗಳು ಹರಡಿಬಿದ್ದಿವೆ. ಅವನ್ನು ಚಿತ್ರಕ್ಕೆಂದೇ ಹಾಗೆ ಇರಿಸಲಾಯಿತೆಂಬ ಆಕ್ಷೇಪ ಇಂದಿಗೂ ಉಳಿದಿದೆ. ವೃತ್ತಿಯ ಶೈಶವದಲ್ಲೇ ಸತ್ಯವ್ರತಕ್ಕೆ ಕುಂದು! ಆ ಕಾಲದ ಕ್ಯಾಮೆರಾದ ಮುಂದೆ ಮನುಷ್ಯನು ಅಲುಗಾಡದೆ ನಿಲ್ಲಬೇಕಾಗಿತ್ತು. ಎಂದರೆ, ನಿಂತವನು ತನ್ನ ಚಿತ್ರವನ್ನು ತಾನೇ ಕೊಡುತ್ತಿದ್ದನು. 1880ರ ದಶಕದಿಂದ ಹಾಫ್‌ಟೋನ್ ಮುದ್ರಣ ಬೆಳೆಯಿತು. 1925ರಲ್ಲಿ ಲೈಕಾ ಎಂಬ ಪುಟ್ಟ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಎದುರಿನವನಿಗೆ ತಿಳಿಯುವ ಮುನ್ನವೇ ಅವನ ದುಃಖವನ್ನು ಸೆರೆಹಿಡಿದು ಊರೂರಿಗೆ ಹಂಚುವುದು ಸಾಧ್ಯವಾಯಿತು. ಅದತ್ತಾದಾನದ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

1993ರ ಮಾರ್ಚಿನಲ್ಲಿ ಕೆವಿನ್ ಕಾರ್ಟರ್ ಸುಡಾನಿನಲ್ಲಿ ತೆಗೆದ ಚಿತ್ರವನ್ನು ಮರೆತವರು ವಿರಳ. ಹಸಿವಿನಿಂದ ಕುಸಿದ ಮಗು, ಹಿಂದೆ ಕಾದು ಕುಳಿತ ರಣಹದ್ದು. ಮಗುವಿನ ಗತಿಯೇನೆಂದು ಓದುಗರು ಪತ್ರಿಕೆಯನ್ನು ಕೇಳಿದರು. 1994ರ ಏಪ್ರಿಲಿನಲ್ಲಿ ಆ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಜುಲೈನಲ್ಲಿ ಕಾರ್ಟರ್ ತನ್ನ ಜೀವವನ್ನೇ ಕಳೆದುಕೊಂಡನು. ಆದರೆ ಅವನು ಹದ್ದನ್ನು ಓಡಿಸಿದ್ದನು. ಆಹಾರ ವಿತರಣೆಯ ಸ್ಥಳ ಹತ್ತಿರದಲ್ಲೇ ಇತ್ತು. ಮಗು ಆ ದಿನ ಸಾಯಲಿಲ್ಲವೆಂಬುದು 2011ರಲ್ಲಿ ವರದಿಯಾಯಿತು. ಚೌಕಟ್ಟಿನೊಳಗೆ ಇದ್ದುದು ಸುಳ್ಳಲ್ಲ, ಪೂರ್ಣವೂ ಅಲ್ಲ. ಅದು ಒಂದು ನಯ ಮಾತ್ರ. ಆ ಒಂದು ನಯವನ್ನೇ ಪ್ರಮಾಣವೆಂದು ಬಗೆದು, ಕುಳಿತಲ್ಲಿಯೇ ಒಬ್ಬನನ್ನು ನಿರ್ದಯನೆಂದು ತೀರ್ಮಾನಿಸಿದ ಓದುಗರ ದೋಷ ಸಣ್ಣದೇನಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮತ್ತಯೋಗದೊಡನೆ ಜೋಡಿಸಿ ಹೇಳುತ್ತದೆ. ಆ ಪ್ರಮಾದ ನೋಡುವವನಲ್ಲೂ ಇರಬಹುದು.

ಕನ್ನಡ ನಾಡಿನಲ್ಲಿ ಈ ವೃತ್ತಿಗೆ ಘನತೆ ತಂದವರು ಮೈಸೂರಿನ ಟಿ. ಎಸ್. ಸತ್ಯನ್. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಬಡತನವನ್ನು ತೋರಿಸಿಯೂ ಬಡವನನ್ನು ಕುಗ್ಗಿಸದಿರುವುದು ಸಾಧ್ಯವೆಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ.

ಹಾಗಾದರೆ ಬಸದಿಯ ಬಾಗಿಲನ್ನು ಕ್ಯಾಮೆರಾಕ್ಕೆ ಮುಚ್ಚುವುದೇ ಲೇಸೆ? 2013ರ ಜುಲೈನಲ್ಲಿ ಇದೇ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದುದನ್ನು ನೆನೆದರೆ ಆ ಮಾತು ನಿಲ್ಲದು. ಕಳೆದುಹೋದ ಬಿಂಬದ ಗುರುತು ಹೇಳಲು ಚಿತ್ರಕ್ಕಿಂತ ಬೇರೆ ಸಾಧನ ಎಲ್ಲಿದೆ?

ಹೆಚ್ಚು ಕಠಿನವಾದುದು ಸಲ್ಲೇಖನದ ಸಂದರ್ಭ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಅಪರಾಧವೆಂದು ಬಗೆಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಕೃಶವಾದ ದೇಹದ ಒಂದೇ ಚಿತ್ರ, ಕೆಳಗೆ 'ವ್ರತ' ಎಂದು ಅಚ್ಚಾದರೆ ಒಂದರ್ಥ, 'ಆತ್ಮಹತ್ಯೆ' ಎಂದಾದರೆ ಇನ್ನೊಂದು. ದೇಹದ ಮಮಕಾರವನ್ನೇ ತೊರೆದ ಕ್ಷಪಕನು ಚಿತ್ರ ಬೇಡವೆಂದು ತಡೆಯುವುದಿಲ್ಲ. ಆ ಮೌನವನ್ನು ಸಮ್ಮತಿಯೆಂದು ತಿಳಿಯುವವರು ಬಿಟ್ಟುದಕ್ಕೂ ಕೊಟ್ಟುದಕ್ಕೂ ಇರುವ ಭೇದವನ್ನು ಮರೆಯುತ್ತಾರೆ. ಕ್ಷಪಕನ ಸಮಾಧಿಯ ಹೊಣೆ ನಿರ್ಯಾಪಕಾಚಾರ್ಯರದು. ಸಮೀಪಕ್ಕೆ ಯಾರು ಬರಬೇಕೆಂಬುದನ್ನು ಅವರು ನಿರ್ಧರಿಸುವಂತೆ, ಕ್ಯಾಮೆರಾ ಬರಬೇಕೆ ಎಂಬುದನ್ನೂ ಮೊದಲು ಅವರಲ್ಲಿಯೇ ಕೇಳಬೇಕಾಗಿದೆ. ಈಗ ಆ ಕ್ಯಾಮೆರಾ ಪತ್ರಕರ್ತನ ಹೆಗಲಲ್ಲಿರುವುದಕ್ಕಿಂತ ದರ್ಶನಕ್ಕೆ ಬಂದ ಶ್ರಾವಕರ ಕಿಸೆಯಲ್ಲಿರುವುದೇ ಹೆಚ್ಚು.